ಲಾಗ್ ರವಾನೆ ತಂತ್ರಾಂಶಗಳ ನಿರ್ವಹಣೆ ಮತ್ತು ನಿವೃತ್ತಿ

ಲಾಗ್ ರವಾನೆ ತಂತ್ರಾಂಶವೆಂದರೆ ಒಂದು ಗಣಕಯಂತ್ರದಲ್ಲಿ ನಡೆಯುವ ಘಟನೆಗಳ ದಾಖಲೆಯನ್ನು ಜಾಲದ ಮೂಲಕ ಮತ್ತೊಂದು ಗಣಕಯಂತ್ರಕ್ಕೆ ಒಯ್ದು ಕೂಡಿಡುವ ತಂತ್ರಾಂಶ. ಯಾರು ಯಾವಾಗ ಒಳಪ್ರವೇಶಿಸಿದರು, ಯಾವ ಸೇವೆ ಯಾವ ಗಳಿಗೆಯಲ್ಲಿ ನಿಂತಿತು, ಯಾವ ತಟ್ಟೆ ತುಂಬಿತು ಎಂಬ ಸಾಲುಗಳೇ ಈ ದಾಖಲೆ. ಲಿನಕ್ಸ್ ಮೊದಲಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಈ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಅನೇಕವು ದಶಕಗಳಷ್ಟು ಹಳೆಯವು. ಕೆಲವನ್ನು ಒಬ್ಬಿಬ್ಬರು ಸ್ವಯಂಸೇವಕರು ನೋಡಿಕೊಳ್ಳುತ್ತಾರೆ, ಇನ್ನು ಕೆಲವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಅಂತಹವನ್ನು ದುರಸ್ತಿ ಮಾಡುತ್ತ ಉಳಿಸಿಕೊಳ್ಳಬೇಕೇ ಅಥವಾ ಬಳಕೆದಾರರಿಗೆ ತಿಳಿಸಿ ನಿವೃತ್ತಿಗೊಳಿಸಬೇಕೇ ಎಂಬುದು ಮುಕ್ತ ತಂತ್ರಾಂಶ ಲೋಕದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯಾಗಿದೆ.

ಹೆಸರಿನ ಮೂಲ

ಲಾಗ್ ಎಂಬ ಇಂಗ್ಲಿಷ್ ಪದಕ್ಕೆ ಮರದ ದಿಮ್ಮಿ ಎಂಬ ಅರ್ಥವಿದೆ. ಹಿಂದೆ ಹಡಗಿನ ವೇಗವನ್ನು ಅಳೆಯಲು ಗಂಟುಗಳಿದ್ದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ಕಡಲಿಗೆ ಎಸೆಯುತ್ತಿದ್ದರು. ಆ ಅಳತೆಯನ್ನು ಬರೆದಿಡುವ ಪುಸ್ತಕವು ಲಾಗ್ ಪುಸ್ತಕವಾಯಿತು. ಮುಂದೆ ದಿನದಿನದ ಸಂಗತಿಗಳನ್ನು ಕ್ರಮವಾಗಿ ಬರೆಯುವ ಯಾವ ಪುಸ್ತಕಕ್ಕಾದರೂ ಆ ಹೆಸರು ನಿಂತು, ಅಲ್ಲಿಂದ ಗಣಕಯಂತ್ರಕ್ಕೂ ಬಂದಿತು. ಕನ್ನಡದಲ್ಲಿ ಇದಕ್ಕೆ ದಿನಚರಿ, ದಾಖಲೆ ಎಂಬ ಪದಗಳನ್ನು ಬಳಸಬಹುದಾದರೂ ಲಾಗ್ ಎಂಬುದೇ ರೂಢಿಯಲ್ಲಿದೆ.

ರವಾನೆಯ ಅಗತ್ಯ

ದಾಖಲೆಯು ಹುಟ್ಟಿದ ಯಂತ್ರದಲ್ಲಿಯೇ ಉಳಿದರೆ ಎರಡು ತೊಂದರೆಗಳಿವೆ. ಯಂತ್ರವೇ ಕೆಟ್ಟರೆ ಅದು ಏಕೆ ಕೆಟ್ಟಿತೆಂಬ ವಿವರವೂ ಅದರೊಡನೆ ಹೋಗುತ್ತದೆ. ಎರಡನೆಯದು ಇನ್ನೂ ಗಂಭೀರವಾದದ್ದು: ಯಂತ್ರದೊಳಗೆ ಅಕ್ರಮವಾಗಿ ನುಗ್ಗಿದವನು ಸಾಮಾನ್ಯವಾಗಿ ತನ್ನ ಹೆಜ್ಜೆಗುರುತುಗಳಿರುವ ಸಾಲುಗಳನ್ನು ಅಳಿಸಲು ಯತ್ನಿಸುತ್ತಾನೆ. ಸಾಲು ಬರೆಯಲ್ಪಟ್ಟ ಕ್ಷಣದಲ್ಲಿಯೇ ಅದರ ಪ್ರತಿಯೊಂದು ಬೇರೆ ಯಂತ್ರವನ್ನು ಸೇರಿದ್ದರೆ ಅವನ ಕೈ ಅಲ್ಲಿಗೆ ಸುಲಭವಾಗಿ ತಲುಪದು. ಹಾಜರಿ ಪುಸ್ತಕದ ನಕಲು ಪ್ರತಿ ಶಾಲೆಯ ಹೊರಗೆ ಬೇರೊಂದು ಕಚೇರಿಯಲ್ಲಿದ್ದಂತೆ ಇದು.

ಸಿಸ್‌ಲಾಗ್

ಈ ಪರಂಪರೆಯ ಮೂಲ ಸಿಸ್‌ಲಾಗ್. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಭಾಗವಾಗಿ ಇದನ್ನು ರಚಿಸಿದರು. ಅಂಚೆಗಾಗಿ ಹುಟ್ಟಿದ ಈ ಏರ್ಪಾಡು ಇತರ ತಂತ್ರಾಂಶಗಳಿಗೂ ಅನುಕೂಲವೆಂದು ಕಂಡುಬಂದು ಯೂನಿಕ್ಸ್ ವ್ಯವಸ್ಥೆಗಳಲ್ಲೆಲ್ಲ ಹರಡಿತು. ಆದರೆ ಸುಮಾರು ಎರಡು ದಶಕಗಳ ಕಾಲ ಇದಕ್ಕೆ ಲಿಖಿತ ಮಾನದಂಡವೇ ಇರಲಿಲ್ಲ. 2001ರ ಆಗಸ್ಟ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 3164 ಎಂಬ ದಸ್ತಾವೇಜು ಅದುವರೆಗಿನ ರೂಢಿಯನ್ನು ಬರಹಕ್ಕಿಳಿಸಿತೇ ಹೊರತು ಹೊಸ ನಿಯಮವನ್ನು ವಿಧಿಸಲಿಲ್ಲ. ನಿಜವಾದ ಮಾನದಂಡವು 2009ರ ಮಾರ್ಚ್‌ನ ಆರ್‌ಎಫ್‌ಸಿ 5424ರೊಂದಿಗೆ ಬಂದಿತು.

ಸಿಸ್‌ಲಾಗ್ ಸಂದೇಶದ ಮೊದಲಲ್ಲಿ ಕೋನಾಕಾರದ ಆವರಣದೊಳಗೆ ಒಂದು ಸಂಖ್ಯೆ ಇರುತ್ತದೆ. ಸಂದೇಶ ಯಾವ ವಿಭಾಗದಿಂದ ಬಂದಿತು, ಅದು ಎಷ್ಟು ತೀವ್ರವಾದದ್ದು ಎಂಬೆರಡನ್ನೂ ಈ ಒಂದೇ ಸಂಖ್ಯೆ ಹೇಳುತ್ತದೆ. ವಿಭಾಗಗಳು 0ರಿಂದ 23ರವರೆಗೆ, ತೀವ್ರತೆಗಳು 0ರಿಂದ 7ರವರೆಗೆ. ವಿಭಾಗವನ್ನು 8ರಿಂದ ಗುಣಿಸಿ ತೀವ್ರತೆಯನ್ನು ಕೂಡಿಸಬೇಕು. ಭದ್ರತೆಯ ವಿಭಾಗ 4, ವಿಷಮ ಸ್ಥಿತಿಯ ತೀವ್ರತೆ 2. ಆದ್ದರಿಂದ ಅಂತಹ ಸಂದೇಶದ ಸಂಖ್ಯೆ 34. ಗರಿಷ್ಠ ಸಂಖ್ಯೆ 23ನ್ನು 8ರಿಂದ ಗುಣಿಸಿ 7 ಕೂಡಿಸಿದರೆ ಬರುವ 191. ಈ 191 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಬೇಕು. ಮುಂದೆ ಅದರದೇ ಒಂದು ಪ್ರಸಂಗವಿದೆ.

ಹಳೆಯ ಸಿಸ್‌ಲಾಗ್ ಸಂದೇಶಗಳು ಯುಡಿಪಿ ಎಂಬ ವಿಧಾನದಲ್ಲಿ 514ನೇ ದ್ವಾರದ ಮೂಲಕ ಸಾಗುತ್ತವೆ. ಇದು ಅಂಚೆಪೆಟ್ಟಿಗೆಗೆ ಕಾರ್ಡು ಹಾಕಿದಂತೆ: ತಲುಪಿತೇ ಇಲ್ಲವೇ ಎಂಬುದು ಬರೆದವರಿಗೆ ತಿಳಿಯುವುದಿಲ್ಲ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ಬೇರೆಯವರ ಹೆಸರಿನಲ್ಲಿ ಬರೆಯಲೂ ಬಹುದು. ಜೊತೆಗೆ ಹಳೆಯ ಮಾದರಿಯ ದಿನಾಂಕದಲ್ಲಿ ತಿಂಗಳು, ದಿನ, ವೇಳೆ ಇರುತ್ತವೆ. ಇಸವಿಯೂ ಇಲ್ಲ, ಯಾವ ದೇಶದ ಕಾಲಮಾನವೆಂಬುದೂ ಇಲ್ಲ. ಹೊಸ ಮಾನದಂಡವು ಈ ಕೊರತೆಗಳನ್ನು ನೀಗಿಸಿತು. ಗೂಢಲಿಪಿಯಲ್ಲಿ ಕಳುಹಿಸುವ ವಿಧಾನಕ್ಕೆ 6514ನೇ ದ್ವಾರ ನಿಗದಿಯಾಯಿತು. ಆದರೂ ಜಾಲೋಪಕರಣಗಳಲ್ಲಿ ಅನೇಕವು ಇಂದಿಗೂ ಹಳೆಯ ಮಾದರಿಯಲ್ಲಿಯೇ ಬರೆಯುತ್ತವೆ. ಕಾಗದದ ಮೇಲೆ ಮಾನದಂಡವೊಂದು ರದ್ದಾದ ಮಾತ್ರಕ್ಕೆ ಬಳಕೆಯಿಂದ ಮರೆಯಾಗುವುದಿಲ್ಲ ಎಂಬುದಕ್ಕೆ ಆರ್‌ಎಫ್‌ಸಿ 3164ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕವಲುಗಳು

ಬಿಎಸ್‌ಡಿ ಸಿಸ್‌ಲಾಗ್ ಅನ್ನು ಲಿನಕ್ಸ್‌ಗೆ ಹೊಂದಿಸಿದ ರೂಪವು ಸಿಸ್‌ಕೆಲಾಗ್‌ಡಿ ಎಂಬ ಹೆಸರು ಪಡೆದು ಅನೇಕ ವರ್ಷ ಲಿನಕ್ಸ್ ವಿತರಣೆಗಳ ಸಹಜ ಆಯ್ಕೆಯಾಗಿತ್ತು. 1998ರಲ್ಲಿ ಹಂಗೆರಿಯ ಬಾಲಾಜ್ ಷೈಡ್ಲರ್ ಅವರು ಸಿಸ್‌ಲಾಗ್-ಎನ್‌ಜಿಯನ್ನು ಆರಂಭಿಸಿದರು. 2004ರಲ್ಲಿ ಜರ್ಮನಿಯ ರೈನರ್ ಗೆರ್‌ಹಾರ್ಡ್ಸ್ ಅವರು ಸಿಸ್‌ಕೆಲಾಗ್‌ಡಿಯ ಮೂಲಸಂಕೇತದಿಂದಲೇ ಕವಲೊಡೆದು ಆರ್‌ಸಿಸ್‌ಲಾಗ್ ಅನ್ನು ಬೆಳೆಸತೊಡಗಿದರು. ಫೆಡೋರಾ 2007ರಲ್ಲಿ, ಡೆಬಿಯನ್ 2009ರಲ್ಲಿ ಆರ್‌ಸಿಸ್‌ಲಾಗ್ ಅನ್ನು ತಮ್ಮ ಪೂರ್ವನಿಯೋಜಿತ ಆಯ್ಕೆಯಾಗಿ ಸ್ವೀಕರಿಸಿದವು.

ಹೀಗೆ ವಿತರಣೆಗಳು ಕೈಬಿಟ್ಟ ಮೇಲೂ ಸಿಸ್‌ಕೆಲಾಗ್‌ಡಿ ಅನೇಕ ಹಳೆಯ ಯಂತ್ರಗಳಲ್ಲಿ ಓಡುತ್ತಲೇ ಇತ್ತು. ಅದರ 1.5ನೇ ಆವೃತ್ತಿ 2007ರಲ್ಲಿ ಬಂದಿತು, ಮುಂದಿನ 1.5.1 ಬಂದದ್ದು 2014ರಲ್ಲಿ. ಆ ಏಳು ವರ್ಷಗಳ ಮೌನವನ್ನು ಮುರಿದದ್ದು ಒಂದು ಭದ್ರತಾ ದೋಷ.

191ರ ಪ್ರಸಂಗ

2014ರಲ್ಲಿ ಬೆಳಕಿಗೆ ಬಂದ ಈ ದೋಷಕ್ಕೆ ಸಿವಿಇ-2014-3634 ಎಂಬ ಗುರುತು ಸಂಖ್ಯೆ ಇದೆ. ಸಂದೇಶದ ಆರಂಭದ ಸಂಖ್ಯೆ 191ನ್ನು ಮೀರಬಾರದೆಂಬುದು ನಿಯಮ; ಆದರೆ ಮೀರಿದರೆ ಏನು ಮಾಡಬೇಕೆಂಬುದನ್ನು ಮೂಲಸಂಕೇತವು ಸರಿಯಾಗಿ ಪರಿಶೀಲಿಸುತ್ತಿರಲಿಲ್ಲ. ವಿಭಾಗದ ಸಂಖ್ಯೆಯನ್ನು ಕೋಷ್ಟಕವೊಂದರ ಸ್ಥಾನಸೂಚಕವಾಗಿ ಬಳಸುತ್ತಿದ್ದುದರಿಂದ, ಯಾರಾದರೂ ಬೇಕೆಂದೇ ಬಹು ದೊಡ್ಡ ಸಂಖ್ಯೆಯನ್ನು ಕಳುಹಿಸಿದರೆ ತಂತ್ರಾಂಶವು ಕೋಷ್ಟಕದ ಅಂಚಿನಾಚೆ ಓದಿ ಕುಸಿಯುವ ಸಾಧ್ಯತೆಯಿತ್ತು. ಇದು ಆರ್‌ಸಿಸ್‌ಲಾಗ್‌ನಲ್ಲಿಯೂ ಇತ್ತು, ಸಿಸ್‌ಕೆಲಾಗ್‌ಡಿಯಲ್ಲಿಯೂ ಇತ್ತು. ಏಕೆಂದರೆ ಕವಲು ಒಡೆದಾಗ ತಾಯಿಬೇರಿನ ದೋಷವೂ ಮಗುವಿಗೆ ಬಂದಿತ್ತು. ಆರ್‌ಸಿಸ್‌ಲಾಗ್‌ನ ಮೊದಲ ದುರಸ್ತಿ ಅಪೂರ್ಣವೆಂದು ಕಂಡುಬಂದು, ಸಿವಿಇ-2014-3683 ಎಂಬ ಎರಡನೆಯ ಸಂಖ್ಯೆಯಡಿ ಮತ್ತೆ ತಿದ್ದಬೇಕಾಯಿತು.

ಇಲ್ಲಿ ಗಮನಿಸಬೇಕಾದದ್ದು ದೋಷಕ್ಕಿಂತ ಹೆಚ್ಚಾಗಿ ಅದನ್ನು ತಿದ್ದಿದ ಬಗೆ. ಆರ್‌ಸಿಸ್‌ಲಾಗ್‌ಗೆ ನಿತ್ಯ ಕೆಲಸ ಮಾಡುವ ಬಳಗವಿತ್ತು. ತಪ್ಪಿದ ದುರಸ್ತಿಯನ್ನೂ ಕೆಲವೇ ದಿನಗಳಲ್ಲಿ ಸರಿಪಡಿಸಲಾಯಿತು. ಸಿಸ್‌ಕೆಲಾಗ್‌ಡಿಗೆ ಆ ಕಾಲದಲ್ಲಿ ಅಂತಹ ಬಳಗ ಇರಲಿಲ್ಲವಾದರೂ ದುರಸ್ತಿ ಮಾಡುವವರೊಬ್ಬರು ಉಳಿದಿದ್ದರು. ಆ ಒಬ್ಬರೂ ಇಲ್ಲದ ತಂತ್ರಾಂಶಗಳು ಇವೆ. ಸಿಸ್‌ಕೆಲಾಗ್‌ಡಿಗೆ ಮುಂದೆ ಪುನರ್ಜನ್ಮವೂ ದೊರೆಯಿತು: ಬೇರೊಬ್ಬ ನಿರ್ವಾಹಕರು ಅದನ್ನು ವಹಿಸಿಕೊಂಡು, ಬಿಎಸ್‌ಡಿ ವ್ಯವಸ್ಥೆಗಳ ಹೊಸ ಸಂಕೇತವನ್ನು ತಂದು ಸೇರಿಸಿ, ಆರ್‌ಎಫ್‌ಸಿ 5424ರ ಬೆಂಬಲದೊಡನೆ 2ನೇ ಸರಣಿಯ ಆವೃತ್ತಿಗಳನ್ನು ಹೊರತಂದರು. ನಿವೃತ್ತಿಯೇ ಗತಿ ಎನ್ನಿಸಿಕೊಂಡ ತಂತ್ರಾಂಶವೊಂದು ಸಣ್ಣ ಉಪಕರಣಗಳಲ್ಲಿ ಉಪಯುಕ್ತವಾಗಿ ಮರಳಿ ಬಂದಿರುವುದು ಅಪರೂಪದ ಸಂಗತಿ.

ಜರ್ನಲ್ ಮತ್ತು ಅದರ ರವಾನೆ

2011ರ ನವೆಂಬರ್‌ನಲ್ಲಿ ಲೆನಾರ್ಟ್ ಪೊಟೆರಿಂಗ್ ಮತ್ತು ಕೇ ಸೀವರ್ಸ್ ಅವರು ಸಿಸ್ಟಮ್‌ಡಿಯ ಅಂಗವಾಗಿ ಜರ್ನಲ್ ಎಂಬ ಹೊಸ ದಾಖಲಾತಿ ವ್ಯವಸ್ಥೆಯನ್ನು ಪ್ರಕಟಿಸಿದರು. ಸಾಲುಸಾಲಾದ ಪಠ್ಯದ ಬದಲು ಸೂಚಿಯುಳ್ಳ ದ್ವಿಮಾನ ಕಡತದಲ್ಲಿ ದಾಖಲೆಗಳನ್ನು ಇಡುವುದು ಇದರ ಕ್ರಮ. ಪಠ್ಯವಾಗಿ ಓದಲಾಗದ ಕಡತವೇಕೆ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. 2013ರ ಡಿಸೆಂಬರ್‌ನ ಫೆಡೋರಾ 20ರಲ್ಲಿ ಪ್ರತ್ಯೇಕ ಸಿಸ್‌ಲಾಗ್ ತಂತ್ರಾಂಶವನ್ನು ಪೂರ್ವನಿಯೋಜಿತ ಸ್ಥಾಪನೆಯಿಂದ ತೆಗೆಯಲಾಯಿತು.

ಜರ್ನಲ್ ಮೊದಲಿಗೆ ತನ್ನಲ್ಲಿಗೆ ಬಂದ ಪ್ರತಿ ಸಂದೇಶವನ್ನೂ ಪಕ್ಕದ ಸಿಸ್‌ಲಾಗ್‌ಗೆ ದಾಟಿಸುತ್ತಿತ್ತು. 2014ರ 216ನೇ ಆವೃತ್ತಿಯಲ್ಲಿ ಆ ಪೂರ್ವನಿಯೋಜಿತ ದಾಟಿಸುವಿಕೆಯನ್ನು ನಿಲ್ಲಿಸಲಾಯಿತು. ಕಾರಣ ಸರಳವಾಗಿತ್ತು: ಆರ್‌ಸಿಸ್‌ಲಾಗ್ ತಾನೇ ಜರ್ನಲ್‌ನಿಂದ ಓದಿಕೊಳ್ಳುವುದನ್ನು ಕಲಿತಿತ್ತು, ಕೇಳುವವರೇ ಇಲ್ಲದ ಕಡೆಗೆ ಸಂದೇಶ ಕಳುಹಿಸುವ ವೆಚ್ಚ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ತಂತ್ರಾಂಶದ ಒಂದು ಸಣ್ಣ ಅಂಗವನ್ನು ಹೇಗೆ ನಿವೃತ್ತಿಗೊಳಿಸಬೇಕೆಂಬುದಕ್ಕೆ ಇದು ಒಳ್ಳೆಯ ಮಾದರಿ. ಅದನ್ನು ಅಳಿಸಿಹಾಕಲಿಲ್ಲ, ಆರಿಸಲಾಯಿತು ಅಷ್ಟೆ. ಬೇಕಾದವರು ಒಂದು ಸಾಲಿನ ಬದಲಾವಣೆಯಿಂದ ಮತ್ತೆ ಹೊತ್ತಿಸಿಕೊಳ್ಳಬಹುದಿತ್ತು.

ಜರ್ನಲ್ ದಾಖಲೆಗಳನ್ನು ಜಾಲದ ಮೂಲಕ ಒಯ್ಯಲು ಸಿಸ್ಟಮ್‌ಡಿಯಲ್ಲಿಯೇ ಮೂರು ಸಹಾಯಕ ತಂತ್ರಾಂಶಗಳಿವೆ: ಕೇಳಿದವರಿಗೆ ಓದಿ ಹೇಳುವ ಗೇಟ್‌ವೇ, ಕಳುಹಿಸುವ ಅಪ್‌ಲೋಡ್, ಸ್ವೀಕರಿಸುವ ರಿಮೋಟ್. ಬಳಕೆಯಲ್ಲಿ ಇವು ಆರ್‌ಸಿಸ್‌ಲಾಗ್‌ನಷ್ಟು ಜನಪ್ರಿಯವಲ್ಲ. ಆದರೆ ಇಂತಹ ಅಂಗಗಳು ಜಾಲಕ್ಕೆ ತೆರೆದ ಬಾಗಿಲುಗಳಾಗಿರುವುದರಿಂದ ಅವನ್ನು ಅಲಕ್ಷಿಸುವಂತಿಲ್ಲ. 2019ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಜರ್ನಲ್‌ನಲ್ಲಿ ಮೂರು ದೋಷಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಸಿವಿಇ-2018-16865 ಎಂಬುದನ್ನು ಸಾಮಾನ್ಯವಾಗಿ ಆ ಯಂತ್ರದಲ್ಲಿ ಖಾತೆ ಇರುವವರು ಮಾತ್ರ ದುರುಪಯೋಗಿಸಬಹುದಿತ್ತು. ರಿಮೋಟ್ ಅಂಗವನ್ನು ಬಳಸುತ್ತಿದ್ದ ಕಡೆ ಮಾತ್ರ ಅದೇ ದೋಷ ದೂರದಿಂದ ಬರುವವರಿಗೂ ದಾರಿಯಾಗುತ್ತಿತ್ತು.

ಅಲಕ್ಷ್ಯಕ್ಕೆ ಕಾರಣಗಳು

ಚಿತ್ರ ಬಿಡಿಸುವ ತಂತ್ರಾಂಶ ಕೆಟ್ಟರೆ ಬಳಕೆದಾರನಿಗೆ ಆ ಕ್ಷಣವೇ ತಿಳಿಯುತ್ತದೆ. ಲಾಗ್ ರವಾನೆ ಕೆಟ್ಟರೆ ಯಾರಿಗೂ ತಿಳಿಯುವುದಿಲ್ಲ. ದೂರದ ಸರ್ವರ್‌ಗೆ ಯಾವ ದೂರೂ ಬಾರದಿದ್ದರೆ ಅಲ್ಲಿ ಎಲ್ಲವೂ ಕ್ಷೇಮವೆಂದು ಅರ್ಥವೋ, ದೂರು ತರುವ ದೂತನೇ ಬಿದ್ದಿದ್ದಾನೆಂದು ಅರ್ಥವೋ ಎಂಬುದು ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತದೆ. ಕೆಲವೊಮ್ಮೆ ಇದರ ವಿರುದ್ಧವೂ ನಡೆಯುತ್ತದೆ. ಟಿಸಿಪಿ ವಿಧಾನದಲ್ಲಿ ಕಳುಹಿಸುವಾಗ ಸ್ವೀಕರಿಸುವ ಸರ್ವರ್ ನಿಂತುಹೋದರೆ ಕಳುಹಿಸುವ ಕಡೆ ಸರದಿ ಬೆಳೆಯುತ್ತ ಹೋಗಿ ತುಂಬುತ್ತದೆ. ಸರದಿಯ ಏರ್ಪಾಡು ಸರಿಯಿಲ್ಲದಿದ್ದರೆ ದಾಖಲೆ ಬರೆಯಲು ಬಂದ ಇತರ ತಂತ್ರಾಂಶಗಳೂ ಕಾಯುತ್ತ ನಿಂತುಬಿಡುತ್ತವೆ; ಯಂತ್ರದೊಳಗೆ ಪ್ರವೇಶಿಸುವುದೂ ನಿಧಾನವಾಗಬಹುದು. ಟಿಸಿಪಿಯಲ್ಲಿಯೂ ಸಂದೇಶಗಳು ಸದ್ದಿಲ್ಲದೆ ಕಳೆದುಹೋಗಬಲ್ಲವೆಂಬುದನ್ನು ಗೆರ್‌ಹಾರ್ಡ್ಸ್ ತೋರಿಸಿಕೊಟ್ಟು, ಪ್ರತಿ ಸಂದೇಶಕ್ಕೂ ರಸೀದಿ ಪಡೆಯುವ ರೆಲ್ಪ್ ಎಂಬ ವಿಧಾನವನ್ನು ರೂಪಿಸಿದರು. ಕಾರ್ಡಿನ ಬದಲು ರಿಜಿಸ್ಟರ್ಡ್ ಅಂಚೆ ಎನ್ನಬಹುದು.

ಒಮ್ಮೆ ಬರೆದ ಸಂರಚನಾ ಕಡತವನ್ನು ಮತ್ತೆ ತೆರೆದು ನೋಡುವವರೂ ವಿರಳ. ಹತ್ತು ವರ್ಷದ ಹಿಂದೆ ಯಾವನೋ ವ್ಯವಸ್ಥಾಪಕ ಬರೆದಿಟ್ಟ ನಾಲ್ಕು ಸಾಲು ಕೆಲಸ ಮಾಡುತ್ತಿರುವವರೆಗೂ ಹೊಸಬನು ಅದನ್ನು ಮುಟ್ಟಲು ಹೆದರುತ್ತಾನೆ. ತಂತ್ರಾಂಶದ ನಿರ್ವಾಹಕರಿಗಂತೂ ಈ ಕೆಲಸದಲ್ಲಿ ಹೆಸರೂ ಇಲ್ಲ, ಹಣವೂ ಕಡಿಮೆ.

ಅಲಕ್ಷಿತ ಅಂಗವೊಂದು ಎಷ್ಟು ದೂರದವರೆಗೆ ಅಪಾಯ ಒಯ್ಯಬಲ್ಲದೆಂಬುದನ್ನು 2024ರ ಎಕ್ಸ್‌ಝಡ್ ಪ್ರಕರಣ ತೋರಿಸಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ತಂತ್ರಾಂಶ. ಬಹುಕಾಲ ಒಬ್ಬರೇ ಸ್ವಯಂಸೇವಕರು ಅದನ್ನು ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆಂದು ಬಂದು ವರ್ಷಗಳ ಕಾಲ ವಿಶ್ವಾಸ ಗಳಿಸಿದ ಅನಾಮಧೇಯ ವ್ಯಕ್ತಿಯೊಬ್ಬ ಅದರೊಳಗೆ ಹಿಂಬಾಗಿಲೊಂದನ್ನು ಅಡಗಿಸಿದನು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಬಯಲಿಗೆಳೆದರು. ದೂರಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದೇ ಅವರಿಗೆ ದೊರೆತ ಸುಳಿವು. ಲಾಗ್ ವಿಷಯಕ್ಕೂ ಇದಕ್ಕೂ ನೇರ ಸಂಬಂಧವಿದೆ. ಜರ್ನಲ್ ಕಡತಗಳನ್ನು ಕುಗ್ಗಿಸಲು ಮತ್ತು ಹಿಗ್ಗಿಸಲು ಸಿಸ್ಟಮ್‌ಡಿಯ ಸಂಕೇತಭಂಡಾರವು ಎಕ್ಸ್‌ಝಡ್‌ನ ಭಾಗವನ್ನು ಜೊತೆಗೆ ಎಳೆದುಕೊಳ್ಳುತ್ತಿತ್ತು. ಡೆಬಿಯನ್, ಫೆಡೋರಾ ಮುಂತಾದವು ದೂರಪ್ರವೇಶದ ಎಸ್‌ಎಸ್‌ಎಚ್ ಸರ್ವರ್‌ಗೆ ಬೇರೊಂದು ಸಣ್ಣ ಅನುಕೂಲಕ್ಕಾಗಿ ಆ ಭಂಡಾರವನ್ನು ಜೋಡಿಸಿದ್ದವು. ಹೀಗೆ ದಾಖಲೆ ಕುಗ್ಗಿಸುವ ಸಾಮಗ್ರಿ ಮನೆಯ ಹೆಬ್ಬಾಗಿಲಿನವರೆಗೆ ತಲುಪಿತ್ತು. 2024ರ ಜೂನ್‌ನ 256ನೇ ಆವೃತ್ತಿಯಿಂದ ಸಿಸ್ಟಮ್‌ಡಿಯು ಇಂತಹ ಭಾಗಗಳನ್ನು ನಿಜವಾಗಿ ಬೇಕಾದಾಗ ಮಾತ್ರ ಕರೆದುಕೊಳ್ಳುತ್ತದೆ. ಆ ಬದಲಾವಣೆಯ ಕೆಲಸ ಹಿಂಬಾಗಿಲು ಪತ್ತೆಯಾಗುವ ಮೊದಲೇ ಶುರುವಾಗಿತ್ತು.

ನಿವೃತ್ತಿಯ ವಿಧಾನಗಳು

ಡೆಬಿಯನ್ ಯೋಜನೆಯಲ್ಲಿ ಇದಕ್ಕೆ ಒಂದು ಕ್ರಮವಿದೆ. ಪ್ಯಾಕೇಜನ್ನು ನೋಡಿಕೊಳ್ಳಲಾಗದ ನಿರ್ವಾಹಕರು ಮೊದಲು ಸಹಾಯ ಕೋರಬಹುದು, ಅಥವಾ ದತ್ತು ತೆಗೆದುಕೊಳ್ಳುವವರನ್ನು ಹುಡುಕಬಹುದು. ಯಾರೂ ಬಾರದಿದ್ದರೆ ಅದನ್ನು ಅನಾಥವೆಂದು ಘೋಷಿಸುತ್ತಾರೆ. ಇವು ಅಲಂಕಾರದ ಮಾತುಗಳಲ್ಲ, ಯೋಜನೆಯ ಅಧಿಕೃತ ಪರಿಭಾಷೆಯೇ ಹೀಗಿದೆ. ಅನಾಥ ಪ್ಯಾಕೇಜಿನ ಹೊಣೆ ಗುಣಮಟ್ಟ ಬಳಗಕ್ಕೆ ಹೋಗುತ್ತದೆ. ಬಳಸುವವರು ತೀರ ಕಡಿಮೆಯಾಗಿ ದೋಷಗಳು ಗಂಭೀರವಾಗಿದ್ದರೆ ಭಂಡಾರದಿಂದ ತೆಗೆಯಲಾಗುತ್ತದೆ. ಆಗಲೂ ಈಗಾಗಲೇ ಸ್ಥಾಪಿಸಿಕೊಂಡವರ ಯಂತ್ರದಿಂದ ಅದು ತಾನಾಗಿ ಹೋಗುವುದಿಲ್ಲ. ದುರಸ್ತಿ ಇಲ್ಲದೆ ಅಲ್ಲಿಯೇ ಓಡುತ್ತಿರುತ್ತದೆ.

ಎಚ್ಚರಿಕೆಯಿಂದ ಮಾಡಿದ ಬದಲಾವಣೆಯೂ ಅನಿರೀಕ್ಷಿತ ಕಡೆ ತಾಗಬಹುದು. 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12ರಲ್ಲಿ ಆರ್‌ಸಿಸ್‌ಲಾಗ್ ಪೂರ್ವನಿಯೋಜಿತವಾಗಿ ಸ್ಥಾಪನೆಯಾಗುವುದಿಲ್ಲ. ಜರ್ನಲ್ ಸಾಕೆಂಬುದು ನಿರ್ಧಾರ. ಬಿಡುಗಡೆಯ ಟಿಪ್ಪಣಿಯಲ್ಲಿ ಇದನ್ನು ಬರೆಯಲಾಗಿತ್ತು, ಹಳೆಯ ಆವೃತ್ತಿಯಿಂದ ಏರಿ ಬಂದವರ ಯಂತ್ರದಲ್ಲಿ ಅದು ಹಾಗೆಯೇ ಉಳಿಯಿತು. ಆದರೆ ಹೊಸ ಸ್ಥಾಪನೆಗಳಲ್ಲಿ ಫೇಲ್‌ಟುಬ್ಯಾನ್ ಎಂಬ ಕಾವಲು ತಂತ್ರಾಂಶ ಆರಂಭವಾಗಲೇ ನಿರಾಕರಿಸಿತು. ಗುಪ್ತಪದ ಊಹಿಸಿ ನುಗ್ಗಲೆತ್ನಿಸುವವರನ್ನು ತಡೆಯುವುದು ಅದರ ಕೆಲಸ. ಅದಕ್ಕಾಗಿ ಅದು ಓದುತ್ತಿದ್ದ ಪಠ್ಯ ಕಡತವನ್ನು ಬರೆಯುತ್ತಿದ್ದುದು ಆರ್‌ಸಿಸ್‌ಲಾಗ್. ಬರೆಯುವವನು ಇಲ್ಲ, ಕಡತವಿಲ್ಲ, ಕಾವಲುಗಾರನೂ ಇಲ್ಲ. ಜರ್ನಲ್‌ನಿಂದ ಓದುವಂತೆ ಒಂದು ಸಾಲು ಬದಲಿಸಿದರೆ ಸರಿಹೋಗುತ್ತಿತ್ತಾದರೂ ಆ ಸಾಲನ್ನು ಹುಡುಕಿಕೊಳ್ಳುವವರೆಗೆ ಅನೇಕರು ಪರದಾಡಿದರು.

ಸಂಸ್ಥೆಗಳು ಬೆಳೆಸಿದ ತಂತ್ರಾಂಶಗಳ ಕಥೆ ಸ್ವಲ್ಪ ಬೇರೆ. ಫೇಸ್‌ಬುಕ್ 2008ರಲ್ಲಿ ಮುಕ್ತಗೊಳಿಸಿದ ಸ್ಕ್ರೈಬ್ ಎಂಬ ಸಂಗ್ರಾಹಕವು ಕೆಲವು ವರ್ಷಗಳ ನಂತರ ಸಂಗ್ರಹಾಲಯದ ವಸ್ತುವಾಯಿತು. ಜೋರ್ಡನ್ ಸಿಸೆಲ್ ಅವರ ಲಾಗ್‌ಸ್ಟ್ಯಾಶ್-ಫಾರ್ವರ್ಡರ್‌ಗೆ ಮೊದಲಿದ್ದ ಹೆಸರು ಲಂಬರ್‌ಜಾಕ್, ಅಂದರೆ ಮರ ಕಡಿಯುವವನು. 2015ರಲ್ಲಿ ಫೈಲ್‌ಬೀಟ್ ಅದರ ಸ್ಥಾನಕ್ಕೆ ಬಂದರೂ ಸಂದೇಶ ಸಾಗಿಸುವ ವಿಧಾನಕ್ಕೆ ಲಂಬರ್‌ಜಾಕ್ ಎಂಬ ಹೆಸರೇ ಉಳಿದುಕೊಂಡಿದೆ. ಗ್ರಫಾನಾ ಸಂಸ್ಥೆಯ ಪ್ರಾಮ್‌ಟೇಲ್‌ನದು ಇತ್ತೀಚಿನ ನಿದರ್ಶನ: 2025ರ ಫೆಬ್ರವರಿಯಲ್ಲಿ ನಿವೃತ್ತಿಯ ಘೋಷಣೆ, 2026ರ ಮಾರ್ಚ್ 2ರಂದು ಅಂತಿಮ ದಿನ, ನಡುವೆ ಒಂದು ವರ್ಷಕ್ಕೂ ಮೀರಿದ ಗಡುವು, ಹಳೆಯ ಸಂರಚನೆಯನ್ನು ಅಲಾಯ್ ಎಂಬ ಹೊಸ ತಂತ್ರಾಂಶಕ್ಕೆ ಪರಿವರ್ತಿಸುವ ಸಾಧನ. ಬಳಕೆದಾರರಿಗೆ ಬೇಕಾದದ್ದು ಇಷ್ಟೇ.

ಇದಕ್ಕೆ ವಿರುದ್ಧವಾದ ನಿದರ್ಶನ ಜಾವಾ ಭಾಷೆಯ ಲಾಗ್‌ಫೋರ್‌ಜೆ. ಅದರ 1ನೇ ಸರಣಿ 2015ರ ಆಗಸ್ಟ್ 5ರಂದು ಅಧಿಕೃತವಾಗಿ ಕೊನೆಗೊಂಡಿತು. ಜಾಲದ ಮೂಲಕ ದಾಖಲೆಗಳನ್ನು ಸ್ವೀಕರಿಸುವ ಅದರ ಸಾಕೆಟ್ ಸರ್ವರ್ ಎಂಬ ಅಂಗದಲ್ಲಿ 2019ರಲ್ಲಿ ಗಂಭೀರ ದೋಷ ಪ್ರಕಟವಾಯಿತು: ನಂಬಲರ್ಹವಲ್ಲದ ಕಡೆಯಿಂದ ಬಂದ ವಸ್ತುವನ್ನೂ ಅದು ಬಿಚ್ಚಿ ಬಳಸುತ್ತಿತ್ತು. ಸರಣಿ ಮುಗಿದಿದ್ದುದರಿಂದ ಮೂಲ ಯೋಜನೆಯು ಅದನ್ನು ತಿದ್ದಲಿಲ್ಲ. 2ನೇ ಸರಣಿಗೆ ಬನ್ನಿರೆಂದಿತು. ಆದರೆ ಬರಲಾಗದೆ ಉಳಿದವರ ಸಂಖ್ಯೆ ದೊಡ್ಡದಿತ್ತು. ಕೊನೆಗೆ 2022ರ ಜನವರಿಯಲ್ಲಿ, ಮೊದಲು ಲಾಗ್‌ಫೋರ್‌ಜೆಯನ್ನು ಆರಂಭಿಸಿದ್ದ ಚೆಕಿ ಗುಲ್ಚು ಅವರೇ ಹಳೆಯ ಸರಣಿಗೆ ರೀಲೋಡ್‌ಫೋರ್‌ಜೆ ಎಂಬ ಕವಲನ್ನು ತೆಗೆದು ದೋಷಗಳನ್ನು ಮುಚ್ಚಿದರು. ಆರು ವರ್ಷಕ್ಕೂ ಹಿಂದೆ ಮುಗಿದಿದ್ದ ತಂತ್ರಾಂಶಕ್ಕೆ ಅದರ ಜನಕನೇ ಮರಳಿ ಬರಬೇಕಾಯಿತು.

ಬದಲಾಯಿಸುವವರು ನೋಡಬೇಕಾದುದು

ಹಳೆಯ ರವಾನೆ ತಂತ್ರಾಂಶವನ್ನು ತೆಗೆಯುವ ಮೊದಲು ಅದರ ಕಡತಗಳನ್ನು ಬೇರೆ ಯಾರು ಓದುತ್ತಿದ್ದಾರೆಂಬುದನ್ನು ಪತ್ತೆಹಚ್ಚುವುದು ಅಗತ್ಯ. ಫೇಲ್‌ಟುಬ್ಯಾನ್ ಪ್ರಸಂಗ ನಡೆದದ್ದು ಇದನ್ನು ಮರೆತದ್ದರಿಂದಲೇ. ಹೊಸದನ್ನೂ ಹಳೆಯದನ್ನೂ ಕೆಲವು ದಿನ ಒಟ್ಟಿಗೆ ಓಡಿಸಿ, ಎರಡೂ ಕಡೆಯ ಸಾಲುಗಳನ್ನು ಎಣಿಸಿ ಹೋಲಿಸುವುದು ರೂಢಿ. ಯೂನಿಕ್ಸ್ ವ್ಯವಸ್ಥೆಗಳಲ್ಲಿ ಲಾಗರ್ ಎಂಬ ಸಣ್ಣ ಆದೇಶವಿದೆ. ಅದು ಪರೀಕ್ಷಾ ಸಂದೇಶವೊಂದನ್ನು ದಾಖಲೆಗೆ ಸೇರಿಸುತ್ತದೆ. ನಿಗದಿತ ವೇಳೆಗೊಮ್ಮೆ ಇಂತಹ ಸಂದೇಶವನ್ನು ತಾನಾಗಿ ಕಳುಹಿಸುವಂತೆ ಮಾಡಿ, ಅದು ದೂರದ ಸರ್ವರ್‌ಗೆ ಬಾರದಿದ್ದಾಗ ಗಂಟೆ ಬಾರಿಸುವಂತೆ ಏರ್ಪಡಿಸಿದರೆ ದೂತನು ಬಿದ್ದದ್ದು ಅಂದೇ ತಿಳಿಯುತ್ತದೆ.

ಭಾರತದಲ್ಲಿ

ಭಾರತದಲ್ಲಿ ಇದು ಕಾನೂನಿನ ವಿಷಯವೂ ಹೌದು. ಗಣಕ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾತರು, ದತ್ತಾಂಶ ಕೇಂದ್ರಗಳು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಎಲ್ಲ ಮಾಹಿತಿ ತಂತ್ರಜ್ಞಾನ ವ್ಯವಸ್ಥೆಗಳ ಲಾಗ್‌ಗಳನ್ನು ಸದಾ ಹಿಂದಿನ 180 ದಿನಗಳಷ್ಟು ಉಳಿಸಿಕೊಂಡಿರಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ಗಣಕಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಹೊಂದಿಸಬೇಕೆಂದೂ ಅದು ಹೇಳುತ್ತದೆ. ಇಸವಿಯನ್ನೂ ಕಾಲಮಾನವನ್ನೂ ಬರೆಯದ ಹಳೆಯ ಮಾದರಿಯ ಸಂದೇಶಗಳನ್ನೇ ಇನ್ನೂ ಕಳುಹಿಸುತ್ತಿರುವ ಉಪಕರಣಗಳಿರುವ ಕಡೆ, ಸ್ವೀಕರಿಸುವ ಸರ್ವರ್ ತನ್ನ ಗಡಿಯಾರದ ವೇಳೆಯನ್ನೂ ಪ್ರತಿ ಸಾಲಿನ ಜೊತೆಗೆ ಬರೆದುಕೊಳ್ಳುವಂತೆ ಏರ್ಪಡಿಸಬೇಕಾಗುತ್ತದೆ.